ಪಾರ್ಕಿಗೆ ಟೈಲ್ಸ್ ಬಂತು, ಮಕ್ಕಳು ಬೀದಿಗೆ ಬಂದರು

ಯಾರಾದರೂ ಮನೆ ಕಟ್ಟಿಸಲು ರಸ್ತೆ ಬದಿಗೆ ಒಂದು ಲೋಡು ಮರಳು ಸುರಿಸಿದರೆ ಸಾಕು, ಅರ್ಧ ಗಂಟೆಯೊಳಗೆ ಇಡೀ ಬೀದಿಯ ಚಿಳ್ಳೆಪಿಳ್ಳೆಗಳೆಲ್ಲ ಅದರ ಮೇಲೆ ಹತ್ತಿ ಕೂತಿರುತ್ತವೆ. ಮೇಸ್ತ್ರಿ ಗದರಿಸುತ್ತಾನೆ, ಓಡುತ್ತವೆ. ಅವನು ಬೀಡಿ ಹಚ್ಚೋಕೆ ಆ ಕಡೆ ತಿರುಗಿದ ಅಂದ್ರೆ ಮತ್ತೆ ಹಾಜರ್. ಅಲ್ಲಿಂದ ನೂರು ಗಜ ದೂರದಲ್ಲೇ ಲಕ್ಷಗಟ್ಟಲೆ ಸುರಿದು ಮಾಡಿಸಿದ ಪಾರ್ಕು ಇರುತ್ತದೆ. ಅಲ್ಲಿ ಒಂದು ನರಪಿಳ್ಳೆಯೂ ಇರೋದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಯಾವ ಬಡಾವಣೆಯ ಪಾರ್ಕಿಗಾದರೂ ಒಳಗೆ ಹೋಗಿ ನೋಡಿ ಸ್ವಾಮಿ. ಗೇಟಿನ ಪಕ್ಕದಲ್ಲೇ ಬೋರ್ಡು: ಹುಲ್ಲಿನ ಮೇಲೆ ನಡೆಯಬಾರದು, ಹೂ ಕೀಳಬಾರದು, ಚೆಂಡಾಟ ಆಡಬಾರದು. ಸುತ್ತ ಇಂಟರ್‌ಲಾಕ್ ಟೈಲ್ಸಿನ ದಾರಿ, ಅದರ ಮೇಲೆ ಸಕ್ಕರೆ ಕಾಯಿಲೆಯವರ ಪ್ರದಕ್ಷಿಣೆ. ನಡುವೆ ನೀರು ಕಾಣದ ಕಾರಂಜಿ. ಒಂದು ಮೂಲೆಯಲ್ಲಿ ವ್ಯಾಯಾಮದ ಯಂತ್ರಗಳು, ಅವು ದೊಡ್ಡವರಿಗೆ. ಇನ್ನೊಂದು ಮೂಲೆಯಲ್ಲಿ, ಬಿಸಿಲು ನೆತ್ತಿಗೆ ಬಡಿಯುವ ಜಾಗವನ್ನೇ ಹುಡುಕಿ ನಿಲ್ಲಿಸಿದ ತಗಡಿನ ಜಾರುಬಂಡೆ ಮತ್ತು ಒಂದು ಕಡೆ ಸರಪಳಿ ಕಳಚಿದ ಉಯ್ಯಾಲೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ತಗಡಿನ ಮೇಲೆ ಕೈ ಇಟ್ಟು ನೋಡಿ, ದೋಸೆ ಹುಯ್ಯಬಹುದು.

ಮೂರು ವರ್ಷದ ಮಗುವಿಗೆ ಈ ಪಾರ್ಕಿನಲ್ಲಿ ಮಾಡೋಕೆ ಏನಿದೆ? ತೋಡೋಕೆ ಮಣ್ಣಿಲ್ಲ, ಸುರಿಯೋಕೆ ನೀರಿಲ್ಲ, ಹತ್ತೋಕೆ ದಿಬ್ಬ ಇಲ್ಲ, ಎತ್ತಿ ಸಾಲಾಗಿ ಇಡೋಕೆ ಒಂದು ಕಡ್ಡಿ ಕೂಡ ಇಲ್ಲ, ಗುಡಿಸಿಬಿಟ್ಟಿರ್ತಾರೆ. ಅದಕ್ಕೇ ಅದು ಮೇಸ್ತ್ರಿಯ ಮರಳಿಗೆ ಬರುತ್ತದೆ. ಅಲ್ಲಿ ಹಿಂದಿನಿಂದ ಟಿಪ್ಪರ್, ಮುಂದಿನಿಂದ ಆಟೋ.

ನಗರಸಭೆ ಬಜೆಟ್ಟಿಗೆ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಸಭೆ ನಡೆಯುತ್ತದಲ್ಲ, ಅಲ್ಲಿ ಹೋಗೋರು ಬಹಳ ಕಮ್ಮಿ. ಹೋದೋರೂ ರಸ್ತೆ, ಚರಂಡಿ, ಬೀದಿ ದೀಪ ಇಷ್ಟು ಕೇಳಿ ಟೀ ಕುಡಿದು ಬರ್ತಾರೆ. ಈ ಸಲ ಹೋಗುವವರು ಇನ್ನೊಂದು ಮಾತು ಕೇಳಬೇಕು ಅನ್ನೋದು ಈ ಅಂಕಣದ ಕೋರಿಕೆ. ಪಾರ್ಕಿನ ಒಂದು ಮೂಲೆಯಿಂದ ಟೈಲ್ಸು ಕಿತ್ತು ಅಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಮರಳು, ಮಣ್ಣು, ನೆರಳು ಕೊಡಿ ಅಂತ.

ಕಬ್ಬಿಣ ಸುರಕ್ಷಿತವೇ?

ಕೂಡಲೇ ಎದ್ದು ಬರುವ ಮಾತು ನಮಗೆ ಗೊತ್ತಿದೆ. "ಮಣ್ಣಲ್ಲಿ ಬಿಟ್ರೆ ಬಿದ್ದು ಗಿದ್ದು ಏನಾದ್ರೂ ಆದ್ರೆ ಯಾರ್ರೀ ಜವಾಬ್ದಾರಿ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಈಗಿರುವ ಪಾರ್ಕುಗಳಿಗೂ ಕೇಳಬೇಕಲ್ಲ? 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಮೇಲೆ ಬಿದ್ದು ಆಡಲು ಬಂದ ಹುಡುಗನೊಬ್ಬ ಸತ್ತ. ಅದೇ ವರ್ಷ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಎಳೆ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಂತ ಮೇಲೆ ತಂದರು, ನಾಡೇ ಉಸಿರು ಬಿಟ್ಟಿತು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಹೆಣ್ಣು ಮಗುವಿಗೆ ಆ ಅದೃಷ್ಟ ಇರಲಿಲ್ಲ. ಮಕ್ಕಳ ಜೀವಕ್ಕೆ ಬಂದದ್ದು ಕಳಚಿದ ಕೀಲು ಮತ್ತು ಮುಚ್ಚದ ಕೊಳವೆ. ಪಾರ್ಕಿನ ಮೂಲೆಯಲ್ಲಿ ಬತ್ತಿಹೋದ ಬೋರ್‌ವೆಲ್ಲು, ಬೇಲಿಯಿಲ್ಲದ ಟ್ರಾನ್ಸ್‌ಫಾರ್ಮರು ಇದೆಯೇ ಅಂತ ಮೊದಲು ನೋಡಿ, ಆಮೇಲೆ ಮಣ್ಣಿನ ವಿಷಯ ಮಾತಾಡೋಣ.

ಮಣ್ಣಿನ ವಿಷಯದಲ್ಲೂ ಒಂದು ತಪ್ಪು ತಿಳುವಳಿಕೆ ಇದೆ. ನೆಲ ಅಂದಮೇಲೆ ಮೆತ್ತಗಿರುತ್ತೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಮ್ಮ ಬಯಲುಸೀಮೆಯ ಕೆಂಪು ನೆಲ ಮಾರ್ಚ್ ತಿಂಗಳಲ್ಲಿ ಹೇಗಿರುತ್ತೆ ಅಂತ ಗುದ್ದಲಿ ಹಿಡಿದವನನ್ನು ಕೇಳಿ. ಮಕ್ಕಳ ಆಟದ ಜಾಗದ ಸುರಕ್ಷತೆಗೆಂದೇ ಅಮೆರಿಕದ ಸರ್ಕಾರದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ಕೈಪಿಡಿ ಹೊರಡಿಸಿದೆ. ಅದರ ಪ್ರಕಾರ ಹತ್ತುವ, ಜಾರುವ ಸಾಮಾನಿನ ಕೆಳಗೆ ಕಾಂಕ್ರೀಟು, ಡಾಂಬರು ಸಲ್ಲದು. ಬರೀ ಹುಲ್ಲು, ಬರೀ ಗಟ್ಟಿ ನೆಲ ಕೂಡ ಬಿದ್ದ ಪೆಟ್ಟು ತಡೆಯುವ ಲೆಕ್ಕಕ್ಕೆ ಬರೋದಿಲ್ಲ. 9 ಇಂಚು ದಪ್ಪ ಕೂತ ಮರಳು ಇದ್ದರೆ 4 ಅಡಿ ಎತ್ತರದಿಂದ ಬೀಳುವ ಪೆಟ್ಟನ್ನು ತಾಳಿಕೊಳ್ಳುತ್ತದೆ. 9 ಇಂಚು ಮರದ ಚಕ್ಕೆ ಇದ್ದರೆ 10 ಅಡಿಯವರೆಗೆ. ತುಳಿದು ತುಳಿದು ಕೂರುತ್ತದಾದ್ದರಿಂದ ಮೊದಲು 12 ಇಂಚು ತುಂಬಬೇಕು, 9ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಐದಾರು ಅಡಿಯ ಜಾರುಬಂಡೆಯನ್ನು ಟೈಲ್ಸಿನ ಮೇಲೆ ನಟ್ಟು ಬೋಲ್ಟು ಹಾಕಿ ನಿಲ್ಲಿಸಿ, ಪಕ್ಕದಲ್ಲಿ ಉದ್ಘಾಟನೆಯ ಕಲ್ಲು ನೆಡುತ್ತಾರೆ.

ಇನ್ನೂ ಸುಲಭದ ದಾರಿ ಒಂದಿದೆ. ಬೀಳುವ ಎತ್ತರವೇ ಇಲ್ಲದ ಹಾಗೆ ಮಾಡೋದು. ನಾಲ್ಕು ಲೋಡು ಮಣ್ಣು ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿ ಒಂದು ದಿಬ್ಬ ಮಾಡಿ. ಮೇಲೆ ಗರಿಕೆ ಹಬ್ಬಿಸಿ. ಜಾರುಬಂಡೆಯನ್ನು ಆ ದಿಬ್ಬದ ಇಳಿಜಾರಿಗೇ ಮಲಗಿಸಿ. ಈಗ ಏಣಿ ಇಲ್ಲ, ಕಂಬ ಇಲ್ಲ, ಪಕ್ಕಕ್ಕೆ ಉರುಳಿದರೆ ಮಗು ಹುಲ್ಲಿನ ಮೇಲೆ ಒಂದು ಅಡಿ ಉರುಳುತ್ತದೆ, ಎದ್ದು ನಗುತ್ತದೆ. ಹತ್ತಿ ಇಳಿದು, ಉರುಳಿ, ತೆವಳಿ, ಕಾಲಿಗೆ ಬಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 1ರಿಂದ 4 ವರ್ಷದ ಮಕ್ಕಳ ಮೈ ದಿನಕ್ಕೆ 180 ನಿಮಿಷವಾದರೂ ಆಡಬೇಕು. ಮೂರು ಗಂಟೆ! ಎರಡು ರೂಮಿನ ಬಾಡಿಗೆ ಮನೆಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಮೊಬೈಲು ಹಿಡಿದು ಕೂತ ಮಗುವಿಗೆ ಮೂರು ಗಂಟೆ ಎಲ್ಲಿಂದ ತರೋಣ?

ಮರಳು ಎಂಥದು, ಹೇಗೆ

ಮರಳು ಅಂದ ಕೂಡಲೇ ಎಂ-ಸ್ಯಾಂಡ್ ಸುರಿಸಿ ಕೈ ತೊಳೆದುಕೊಳ್ಳುವ ಅಪಾಯ ಇದೆ. ಅದು ಮರಳಲ್ಲ, ಕಲ್ಲು ಒಡೆದ ಪುಡಿ. ಕಾಳು ಚೂಪು, ಜೊತೆಗೆ ದೂಳು. ಮಗು ಬೊಗಸೆಯಲ್ಲಿ ಎತ್ತಿ ಸುರಿದರೆ ಮೂಗಿಗೆ ಹೋಗೋದು ಕಲ್ಲಿನ ಹುಡಿ. ಮಕ್ಕಳಿಗೆ ಬೇಕಾದ್ದು ಕಾಳು ದುಂಡಗಿರುವ, ತೊಳೆದು ಜರಡಿ ಹಿಡಿದ ಹೊಳೆ ಮರಳು. ಪರವಾನಗಿ ಇರುವ ಕಡೆಯಿಂದ ಎರಡು ಲೋಡು ತರಿಸೋದು ನಗರಸಭೆಗೆ ಆಗದ ಕೆಲಸವೇನಲ್ಲ.

ತಂದ ಮೇಲಿನ ಕೆಲಸ ಮುಖ್ಯ. ಮರಳಿನ ಗುಂಡಿಯ ತಳಕ್ಕೆ ಜಲ್ಲಿ ಹಾಕಿ ನೀರು ಇಂಗುವಂತೆ ಮಾಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕೊಚ್ಚೆ. ಸಂಜೆ ಆಟ ಮುಗಿದ ಮೇಲೆ ಮುಚ್ಚಬೇಕು. ಯಾಕಂದ್ರೆ ಬೀದಿನಾಯಿ, ಬೆಕ್ಕುಗಳಿಗೆ ಮರಳು ಕಂಡರೆ ಅದೇ ಶೌಚಾಲಯ. ಅವುಗಳ ಹೊಟ್ಟೆಯ ಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋಗುವ ದಾರಿಯೂ ಅದೇ. ಮುಚ್ಚೋಕೆ ದೊಡ್ಡ ಯಂತ್ರ ಬೇಕಿಲ್ಲ. ಹಳೇ ಟಾರ್ಪಾಲು, ನಾಲ್ಕು ಕಲ್ಲು. ದಿನಸಿ ಅಂಗಡಿಯವರು ಮನಸ್ಸು ಮಾಡಿದರೆ ಗೋಣಿಚೀಲ ಹೊಲಿದೂ ಕೊಡಬಹುದು. ಬೆಳಿಗ್ಗೆ ಒಂದು ಸಲ ಹಲುಬೆಯಲ್ಲಿ ಕೆದರಬೇಕು. ಗಾಜಿನ ಚೂರು, ಸಿಗರೇಟು ತುಂಡು, ಬಾಟಲಿ ಮುಚ್ಚಳ ಏನೇನು ಸಿಗುತ್ತವೆ ಅನ್ನೋದು ನಮ್ಮೂರಿನ ಪಾರ್ಕುಗಳಲ್ಲಿ ರಾತ್ರಿ ನಡೆಯುವ ಸಭೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ನೀರಿನ ಆಟಕ್ಕೆ ಕೊಳ ಬೇಡ, ಖಂಡಿತ ಬೇಡ. ಎಳೆ ಮಗು ಮುಳುಗೋಕೆ ಬಕೆಟ್ಟಿನ ನೀರೇ ಸಾಕು. ಒಂದು ನಲ್ಲಿ, ಅದರ ಕೆಳಗೆ ಕಲ್ಲಿನಲ್ಲಿ ಕೆತ್ತಿದ ಅಂಗೈ ಅಗಲದ ಕಾಲುವೆ. ಹೊಲಕ್ಕೆ ನೀರು ಕಟ್ಟುವ ಹಾಗೆ ಮಗು ಮಣ್ಣಿನ ಒಡ್ಡು ಕಟ್ಟಲಿ, ಒಡೆಯಲಿ. ಹರಿದ ನೀರು ಬಾಳೆ ಗಿಡಕ್ಕೆ ಹೋಗಲಿ. ಎಲ್ಲೂ ನಿಲ್ಲಬಾರದು, ನಿಂತರೆ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹಾರುತ್ತದೆ. ಉಯ್ಯಾಲೆಗೆ ಹಳೇ ಟೈರು ಕಟ್ಟುವವರೂ ಇದನ್ನು ನೆನಪಿಡಬೇಕು, ಟೈರಿನ ಕೆಳಗೆ ಮೂರು ನಾಲ್ಕು ತೂತು ಹೊಡೆಯದಿದ್ದರೆ ಅದು ಸೊಳ್ಳೆಯ ತೊಟ್ಟಿಲು. ತಂತಿ ಹೊರಬಂದ ಟೈರು ಬೇಡವೇ ಬೇಡ.

ಉಯ್ಯಾಲೆ ಅಂದಾಗ ಪಂಚಮಿ ಹಬ್ಬ ನೆನಪಾಗುತ್ತದೆ. ಉತ್ತರ ಕರ್ನಾಟಕದ ಕಡೆ ಆಗ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಮಿಣಿ ಹಾಕಿ ಜೋಕಾಲಿ ಕಟ್ಟುತ್ತಾರೆ. ಕಟ್ಟುವವನು ಮೊದಲು ತಾನೇ ಜೋತು ಬಿದ್ದು, ಜಗ್ಗಿ ನೋಡಿ, ಆಮೇಲೆ ಹೆಣ್ಣು ಮಕ್ಕಳನ್ನು ಕೂರಿಸುತ್ತಾನೆ. ಆ ಒಂದು ಜಗ್ಗು ಇದೆಯಲ್ಲ, ನಮ್ಮ ಪಾರ್ಕಿನ ಉಯ್ಯಾಲೆಗಳಿಗೆ ಇಲ್ಲದ್ದು ಅದೇ. ಹಾಕಿದ ದಿನ ಫೋಟೋ, ಆಮೇಲೆ ಕೊಂಡಿ ಸವೆದು ಕಳಚುವ ತನಕ ಯಾರೂ ಮುಟ್ಟಿ ನೋಡುವವರಿಲ್ಲ. ಕೂರುವ ಹಲಗೆ ಕಬ್ಬಿಣದ್ದೋ ಭಾರಿ ಮರದ್ದೋ ಆದರೆ ಹಿಂದೆ ನಿಂತ ಕೂಸಿನ ತಲೆಗೆ ಬಡಿಯುತ್ತದೆ. ರಬ್ಬರಿನ ಪಟ್ಟಿ ಆದರೆ ಆ ಭಯ ಕಮ್ಮಿ.

ಗ್ರಿಲ್ಲು, ಕಟಕಟೆ, ಬೇಲಿಗಳ ಸಂದು ಇನ್ನೊಂದು ವಿಷಯ. ಅಲ್ಲಿಯೂ ಆ ಕೈಪಿಡಿಯ ಲೆಕ್ಕ ನಮ್ಮ ವೆಲ್ಡಿಂಗ್ ಅಂಗಡಿಯವರು ಗೋಡೆ ಮೇಲೆ ಬರೆದುಕೊಳ್ಳಬಹುದಾದಂಥದು. ಸಂದು ಮೂರೂವರೆ ಇಂಚಿಗಿಂತ ಚಿಕ್ಕದಿರಬೇಕು, ಇಲ್ಲ 9 ಇಂಚಿಗಿಂತ ದೊಡ್ಡದಿರಬೇಕು. ನಡುವಿನ ಅಳತೆ ಆದರೆ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಕಣಗಿಲೆಯ ಅಂದ

ಇನ್ನು ಗಿಡ. ನಮ್ಮ ಪಾರ್ಕುಗಳಲ್ಲಿ, ರಸ್ತೆ ವಿಭಜಕಗಳಲ್ಲಿ ಅಂದಕ್ಕೆ ಏನು ನೆಡುತ್ತಾರೆ ಗೊತ್ತೇ? ಕಣಗಿಲೆ. ದನ ಮೇಯೋದಿಲ್ಲ, ನೀರು ಕಮ್ಮಿ ಸಾಕು, ಹೂವು ಯಾವಾಗಲೂ. ದನ ಯಾಕೆ ಮೇಯೋದಿಲ್ಲ ಅಂತ ಒಬ್ಬರಾದರೂ ಕೇಳಬೇಡವೇ? ಎಲೆ, ಹೂ, ಬೇರು ಸಮೇತ ವಿಷ, ಹೃದಯಕ್ಕೆ ಹೊಡೆಯುವಂಥದು. ಹಳದಿ ಕಣಗಿಲೆಯ ಬೀಜ ಇನ್ನೂ ಕೆಟ್ಟದ್ದು. ಹಸುವಿಗೆ ಇರುವ ತಿಳಿವಳಿಕೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಎರಡು ವರ್ಷದ ಕೂಸಿಗೆ ಇರೋದಿಲ್ಲ. ಬೇಲಿ ಬದಿಯ ಉಮ್ಮತ್ತಿ, ಹರಳು, ಮಣಿಯ ಹಾಗೆ ಹೊಳೆಯುವ ಗುಲಗಂಜಿ ಬಳ್ಳಿ ಇವನ್ನೂ ಬೇರು ಸಹಿತ ತೆಗೆಸಬೇಕು. ಕಾಂಗ್ರೆಸ್ ಹುಲ್ಲು ಹೂ ಬಿಡುವ ಮೊದಲೇ ಕೀಳಬೇಕು, ಕೈಗೆ ಚೀಲ ಕಟ್ಟಿಕೊಂಡು.

ಏನು ನೆಡಬೇಕು? ಹೊಂಗೆ ನೆರಳಿನ ತಂಪು ಈ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಕಾಯಿ ತಿನ್ನುವಂಥದಲ್ಲ, ಉದುರುವ ಕಾಲಕ್ಕೆ ಗುಡಿಸಬೇಕು ಅಷ್ಟೇ. ಬೇವು, ನೇರಳೆ ಆಗಬಹುದು. ನೇರಳೆ ತಿಂದು ನಾಲಿಗೆ ನೀಲಿ ಮಾಡಿಕೊಳ್ಳದ ಬಾಲ್ಯ ಅದೆಂಥ ಬಾಲ್ಯ! ಮಕ್ಕಳು ಕೂರುವ ಜಾಗದ ಮೇಲೆ ತೆಂಗು, ಹಲಸು ಬೇಡ, ಕಾರಣ ತಲೆ ಇರುವ ಎಲ್ಲರಿಗೂ ಗೊತ್ತು. ನುಗ್ಗೆಯೂ ಬೇಡ, ಕಂಬಳಿಹುಳ. ಗುಲ್‌ಮೊಹರ್ ನೋಡೋಕೆ ಚೆಂದ, ಕೊಂಬೆ ಮಾತ್ರ ಗಾಳಿಗೆ ಪಟ್ಟನೆ ಮುರಿಯುತ್ತದೆ. ಯಾವ ಮರವೇ ಆಗಲಿ, ಮುಂಗಾರಿಗೆ ಮುಂಚೆ ಒಣ ಕೊಂಬೆ ಕಡಿಸಬೇಕು. ಕಡಿಸೋದು ಅಂದ್ರೆ ಕೊಂಬೆ, ಮರವನ್ನೇ ಅಲ್ಲ. ಇದನ್ನು ಬಿಡಿಸಿ ಹೇಳಲೇಬೇಕಾದ ಕಾಲ ಬಂದಿದೆ.

ಕಡಿದ ದಪ್ಪ ಕೊಂಬೆ, ದಿಮ್ಮಿಗಳನ್ನು ಸೌದೆಗೆ ಕಳಿಸದೆ ಮೊಣಕಾಲುದ್ದ ಕತ್ತರಿಸಿ, ತೊಗಟೆ ತೆಗೆದು, ಚೂಪು ಉಜ್ಜಿಸಿ ಸಾಲಾಗಿ ನೆಟ್ಟರೆ ಮಕ್ಕಳು ಒಂದರಿಂದ ಒಂದಕ್ಕೆ ಕಾಲಿಟ್ಟು ನಡೆಯುತ್ತವೆ. ಅಗ್ಗಕ್ಕೆ ಸಿಗುತ್ತೆ ಅಂತ ಹಳೇ ರೈಲ್ವೆ ಸ್ಲೀಪರ್ ಮರ ತರಬೇಡಿ, ಅದಕ್ಕೆ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ, ಮಕ್ಕಳ ಮೈಗೆ ಒಳ್ಳೆಯದಲ್ಲ. ಹಳೇ ಜಾರುಬಂಡೆ, ಕಂಬಿಗಳಿಂದ ಬಣ್ಣ ಚಕ್ಕೆ ಏಳುತ್ತಿದ್ದರೆ ಅದನ್ನೂ ಹಗುರವಾಗಿ ಕಾಣಬಾರದು. ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ ಕೇಂದ್ರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಏನಿತ್ತೋ ಯಾರು ಬಲ್ಲರು.

"ಹಾವು ಬರುತ್ತೆ" ಅನ್ನುವವರಿದ್ದಾರೆ. ಹಾವು ಬರೋದು ಇಲಿ ಹುಡುಕಿಕೊಂಡು, ಇಲಿ ಬರೋದು ನಾವು ಬಿಸಾಡಿದ ಚಿತ್ರಾನ್ನದ ಪೊಟ್ಟಣ ಹುಡುಕಿಕೊಂಡು. ಹುಲ್ಲು ಮೋಟಾಗಿ ಕತ್ತರಿಸಿದ್ದರೆ, ಗೋಡೆ ಪಕ್ಕ ಇಟ್ಟಿಗೆ ಕಲ್ಲು ರಾಶಿ ಹಾಕದಿದ್ದರೆ, ತಿಂಡಿ ಕಸ ಆಯಾ ದಿನ ಎತ್ತಿದರೆ ಹಾವಿಗೆ ಅಲ್ಲಿ ಕೆಲಸವಿಲ್ಲ. ಪೊದೆ ಬೇಕಾದರೆ ಮೊಣಕಾಲೆತ್ತರದ್ದು. ಬೆಂಚಿನ ಮೇಲೆ ಕೂತ ಅಜ್ಜಿಗೆ ಇಡೀ ಜಾಗ ಕಾಣಬೇಕು. ಆ ಬೆಂಚೂ ನೆರಳಿನಲ್ಲೇ ಇರಬೇಕು, ಇಲ್ಲದಿದ್ದರೆ ಅಜ್ಜಿ ಐದು ನಿಮಿಷಕ್ಕೆ "ನಡಿ ಮಗಾ ಮನೆಗೆ" ಅಂತಾಳೆ.

ಮಣ್ಣು ರೋಗ ತರುತ್ತೆ ಅನ್ನುವವರಿಗೆ ಫಿನ್ಲೆಂಡಿನ ಒಂದು ಪ್ರಯೋಗ ಹೇಳಬೇಕು. 2020ರಲ್ಲಿ ಪ್ರಕಟವಾದದ್ದು. 10 ಶಿಶುವಿಹಾರಗಳ 3ರಿಂದ 5 ವರ್ಷದ 75 ಮಕ್ಕಳನ್ನು ಗಮನಿಸಿದರು. ಕೆಲವು ಶಿಶುವಿಹಾರಗಳ ಜಲ್ಲಿ ಹಾಸಿದ ಬೋಳು ಅಂಗಳಕ್ಕೆ ಕಾಡಿನ ನೆಲದ ಮೇಲ್ಪದರ, ಹುಲ್ಲಿನ ಹಾಸು ತಂದು ಹಾಕಿ ಮಕ್ಕಳನ್ನು ಆಡಲು ಬಿಟ್ಟರು. 28 ದಿನ ಕಳೆಯುವಷ್ಟರಲ್ಲಿ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಬಗೆಗಳು ಹೆಚ್ಚಿದ್ದವು. ರೋಗ ನಿರೋಧಕ ವ್ಯವಸ್ಥೆ ಹದದಲ್ಲಿದೆ ಅನ್ನೋದಕ್ಕೆ ರಕ್ತದಲ್ಲಿ ಗುರುತುಗಳೂ ಕಂಡವು. ಹಾಗಂತ ನಮ್ಮ ಚರಂಡಿ ಹೂಳು ತಂದು ಸುರಿಯಿರಿ ಅಂತಲ್ಲ. ಒಳ್ಳೇ ತೋಟದ ಮಣ್ಣು. ಆಟ ಮುಗಿದ ಮೇಲೆ ನಲ್ಲಿಯಲ್ಲಿ ಕೈಕಾಲು, ಆಮೇಲೆ ಬಿಸ್ಕತ್ತು.

ಇದೇನು ವಿದೇಶದ ಷೋಕಿಯಲ್ಲ. ಡೆನ್ಮಾರ್ಕಿನವರು 1943ರಲ್ಲಿ, ಜರ್ಮನ್ ಸೈನ್ಯ ಊರಲ್ಲಿ ಕೂತಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್‌ಡ್ರಪ್ ಎಂಬಲ್ಲಿ ಮರದ ತುಂಡು, ಇಟ್ಟಿಗೆ, ಮಣ್ಣು ಹಾಕಿ ಮಕ್ಕಳಿಗೆ ಆಡೋಕೆ ಬಿಟ್ಟರು. ಅದಕ್ಕೆ ಮೂಲ, ಕಟ್ಟಡ ಕಟ್ಟುವ ಜಾಗದಲ್ಲಿ ಮಕ್ಕಳು ಖುಷಿಯಾಗಿರೋದನ್ನು ಸೊರೆನ್‌ಸೆನ್ ಎಂಬ ಉದ್ಯಾನಶಿಲ್ಪಿ ಗಮನಿಸಿದ್ದು. ನಮ್ಮ ಮೇಸ್ತ್ರಿಯ ಮರಳಿನ ಕತೆಯೇ ನೋಡಿ. ನಮ್ಮಲ್ಲೂ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮರಗಳ ನಡುವೆ 'ಬಾಲವನ' ಕಟ್ಟಿ ಮಕ್ಕಳನ್ನು ಆಡಿಸಿ ಕುಣಿಸಿದವರೇ.

ಹಾಗಾದರೆ ನಮ್ಮ ಊರುಗಳಲ್ಲಿ ಯಾಕಾಗೋದಿಲ್ಲ? ಟೈಲ್ಸಿಗೆ ಚದರಡಿ ಲೆಕ್ಕದಲ್ಲಿ ಬಿಲ್ಲು ಬರೆಯಬಹುದು. ಕಬ್ಬಿಣಕ್ಕೆ ಕಿಲೋ ಲೆಕ್ಕ. ನೆರಳಿಗೆ ಯಾವ ಲೆಕ್ಕದಲ್ಲಿ ಬರೆಯೋದು? ದಿಬ್ಬಕ್ಕೆ ರಿಬ್ಬನ್ ಕಟ್ಟೋಕೆ ಆಗುತ್ಯೇ? ಇಂಥ ಜಾಗಕ್ಕೆ ಬೇಕಾದ್ದು ಒಂದೇ ಸಲದ ದೊಡ್ಡ ಗಂಟಲ್ಲ, ದಿನಾ ಕೆದರಿ, ಮುಚ್ಚಿ, ಜಗ್ಗಿ ನೋಡುವ ಒಬ್ಬ ಮಾಲಿಯ ತಿಂಗಳ ಸಂಬಳ. ಕಾಮಗಾರಿಗೆ ದುಡ್ಡಿದೆ, ನಿರ್ವಹಣೆಗೆ ಇಲ್ಲ ಅನ್ನೋದು ಹಳೇ ಹಾಡು. ಬಜೆಟ್ ಸಭೆಯಲ್ಲಿ ಕೇಳಬೇಕಾದ್ದು ಆ ಸಂಬಳದ ಬಾಬ್ತನ್ನೇ.

ಜಾಗ ಇಲ್ಲ ಅಂದರೆ ಒಪ್ಪಬೇಡಿ. ಉದ್ಯಾನ, ಆಟದ ಬಯಲು, ತೆರೆದ ಜಾಗ ಉಳಿಸೋಕೆ 1985ರಲ್ಲೇ ರಾಜ್ಯದಲ್ಲಿ ಕಾಯ್ದೆ ಆಗಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದು ಸಲ್ಲದು ಅಂತ ಸುಪ್ರೀಂ ಕೋರ್ಟೇ 1991ರಲ್ಲಿ ಹೇಳಿದೆ. ಅಂಗನವಾಡಿಗಳ ಅಂಗಳವೂ ಇದೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾದ ಆ ಯೋಜನೆ ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಬೆಳೆದಿದೆ. ಅಂಗಳ ಇರುವ ಕಡೆ ಒಂದು ಮೂಲೆ ಮರಳು ಹಾಕೋಕೆ ಯಾವ ಮಂತ್ರಿಯ ಅಪ್ಪಣೆ ಬೇಕು? ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಹತ್ತಡಿ ಜಾಗ, ಒಂದು ಹೊಂಗೆ ಮರ, ಗಟ್ಟಿ ಬೇಲಿ ಇದ್ದರೆ, ಸಂಜೆ ಬಸ್ಸಿಗೆ ಗಂಟೆಗಟ್ಟಲೆ ಕಾಯುವ ತಾಯಂದಿರು ನಿಮ್ಮನ್ನು ಹರಸುತ್ತಾರೆ. ಬೇಲಿಯ ಗೇಟು ಮಾತ್ರ ಬಸ್ಸು ತಿರುಗುವ ಕಡೆಗೆ ಇರಬಾರದು, ತಾನಾಗಿ ಮುಚ್ಚಿಕೊಳ್ಳುವಂತಿರಬೇಕು.

ಕೊನೆಗೆ ಬೀಗದ ವಿಚಾರ. ಅಂಗನವಾಡಿ ಬಿಡೋದು ನಾಲ್ಕು ಗಂಟೆಗೆ. ಬಹಳ ಪಾರ್ಕುಗಳ ಗೇಟು ತೆಗೆಯೋದು ಐದಕ್ಕೋ ಐದೂವರೆಗೋ, ಅದೂ ಕೀಲಿ ಇಟ್ಟುಕೊಂಡವನು ಬಂದರೆ. ಆ ಒಂದೂವರೆ ಗಂಟೆ ಮಗು ರಸ್ತೆಯಲ್ಲಿರುತ್ತದೆ. ಪಾರ್ಕಿನ ಎದುರಿಗೆ ದಿನವಿಡೀ ಬಾಗಿಲು ತೆಗೆದಿರುವ ಅಂಗಡಿ ಒಂದಾದರೂ ಇದ್ದೇ ಇರುತ್ತದೆ. ಇನ್ನೊಂದು ಕೀಲಿ ಮಾಡಿಸಿ ಅಲ್ಲಿ ಕೊಟ್ಟಿರಿ. ಶೆಟ್ಟರೋ ಸಾಬರೋ ಮೂರೂ ಮುಕ್ಕಾಲಿಗೆ ಹೋಗಿ ಬೀಗ ತೆಗೆದು, ಉಯ್ಯಾಲೆಯನ್ನು ಒಂದು ಸಲ ಜಗ್ಗಿ ನೋಡಿ ಬರಲಿ.